ಸೈಕಲ್ ಲೈಟು ಕೈಕೊಟ್ಟಾಗ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ದಿನಾ ಕೆಲಸಕ್ಕೆ ತುಳಿಯುವ ಸೈಕಲ್ಲಿನ ಲೈಟು ಆರಿತೆಂದರೆ ಬಹಳ ಸಲ ಕೆಟ್ಟಿರುವುದು ಲೈಟಲ್ಲ, ಲೈಟಿಗೂ ಕರೆಂಟಿಗೂ ನಡುವಿನ ಯಾವುದೋ ಒಂದು ಜೋಡಣೆ. ಕಿಲುಬು ಹಿಡಿದ ಟರ್ಮಿನಲ್, ಬಣ್ಣದ ಮೇಲೆ ಕೂತ ಅರ್ಥ್ ಸ್ಕ್ರೂ, ಹ್ಯಾಂಡಲ್ ತಿರುಗಿಸಿ ತಿರುಗಿಸಿ ಸಿಪ್ಪೆಯೊಳಗೇ ತುಂಡಾದ ತಂತಿ, ನೀರು ಕುಡಿದ ಚಾರ್ಜಿಂಗ್ ಪೋರ್ಟು. ಇವನ್ನು ನೋಡದೆ ಹೊಸ ಲೈಟು ತಂದು ಹಾಕಿದರೆ ಅದೂ ಹದಿನೈದು ದಿನಕ್ಕೆ ಅದೇ ಕಾರಣಕ್ಕೆ ಆರುತ್ತದೆ. ಟೈರಿಗೆ ಒರಗಿ ತಿರುಗುವ ಹಳೆಯ ಬಾಟಲ್ ಡೈನಮೋ, ಚಕ್ರದ ನಡುವಿನಲ್ಲೇ ಕೂತ ಹಬ್ ಡೈನಮೋ, ಯುಎಸ್‌ಬಿ ಚಾರ್ಜಿನ ಲೈಟು ಮೂರಕ್ಕೂ ದೋಷ ಹುಡುಕುವ ಕ್ರಮ ಇಲ್ಲಿದೆ. ಜೊತೆಗೆ ಲೈಟಿನ ಆಜುಬಾಜಿನ ಸಾಮಾನುಗಳು ಕೊಡುವ ಕಾಟವೂ ಇದೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು: ಸರಿ ಇದೆಯೆಂದು ಖಾತ್ರಿಯಿರುವ 6 ವೋಲ್ಟ್ 2.4 ವಾಟ್ ಬಲ್ಬು ಒಂದು, ಎರಡೂ ತುದಿ ಸುಲಿದ ಒಂದು ಮೊಳ ತಂತಿ ಎರಡು, ನಾಲ್ಕು ಪೆನ್ಸಿಲ್ ಸೆಲ್ ಕೂರುವ ಹೋಲ್ಡರ್, ನಯವಾದ ಉಪ್ಪು ಕಾಗದ, ಸ್ವಲ್ಪ ವ್ಯಾಸಲೀನ್, ಹಳೇ ಟ್ಯೂಬಿನ ತುಂಡು. ಮಲ್ಟಿಮೀಟರ್ ಇದ್ದರೆ ಒಳ್ಳೆಯದು, ಆದರೆ ಅಗ್ಗದ ಮೀಟರುಗಳಲ್ಲಿ ಡೈನಮೋ ಕೊಡುವಂಥ ಎಸಿ (ದಿಕ್ಕು ಬದಲಿಸುತ್ತಾ ಹರಿಯುವ) ಕರೆಂಟನ್ನು ಅಳೆಯಲು ಇರುವ ಕನಿಷ್ಠ ರೇಂಜ್ 200 ವೋಲ್ಟ್. ಡೈನಮೋದ 6 ವೋಲ್ಟನ್ನು ಅದರಲ್ಲಿ ನೋಡಿ ನಂಬುವ ಹಾಗಿಲ್ಲ. ಅಲ್ಲದೆ ಲೈಟು ಜೋಡಿಸದೆ ಅಳೆದರೆ ಡೈನಮೋ 6ಕ್ಕಿಂತ ಎಷ್ಟೋ ಹೆಚ್ಚು ತೋರಿಸುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಡೈನಮೋ ಪರೀಕ್ಷೆಗೆ ಬಲ್ಬೇ ಮೀಟರು. ಮಲ್ಟಿಮೀಟರ್ ಬೇಕಾಗುವುದು ತಂತಿ ಕೂಡಿದೆಯೋ ಕಡಿದಿದೆಯೋ ಎಂದು ಬೀಪ್ ಕೇಳಲು, ಸೆಲ್ಲಿನ ವೋಲ್ಟೇಜ್ ನೋಡಲು.

ಬಾಟಲ್ ಡೈನಮೋ: ಮುಂದೂ ಇಲ್ಲ, ಹಿಂದೂ ಇಲ್ಲ

ಎರಡೂ ಒಟ್ಟಿಗೆ ಆರಿದ್ದರೆ ದೋಷ ಡೈನಮೋದಲ್ಲಿರಬೇಕು ಅಥವಾ ಅರ್ಥಿಂಗಿನಲ್ಲಿರಬೇಕು. ಎರಡು ಬಲ್ಬೂ ಹೋಗಿರುವ ಸಾಧ್ಯತೆಯೂ ಇದೆ, ಅದಕ್ಕೆ ಕಾರಣ ಮುಂದೆ ಬರುತ್ತದೆ.

ಮೊದಲು ಡೈನಮೋವನ್ನು ಉಳಿದೆಲ್ಲದರಿಂದ ಬೇರೆ ಮಾಡಿ. ಕೆಳಗಿನ ಟರ್ಮಿನಲ್ಲಿನಿಂದ ತಂತಿ ಬಿಚ್ಚಿ. ಪರೀಕ್ಷೆಯ ಬಲ್ಬಿನ ತಳದ ಚುಕ್ಕೆಯನ್ನು ಒಂದು ತಂತಿಯಿಂದ ಟರ್ಮಿನಲ್ಲಿಗೆ, ಚೂಡಿಯ (ತಿರುಪಿನ) ಪಕ್ಕವನ್ನು ಇನ್ನೊಂದು ತಂತಿಯಿಂದ ಡೈನಮೋದ ಲೋಹದ ಮೈಗೆ ಮುಟ್ಟಿಸಿ. ಚಕ್ರ ತಿರುಗಿಸಿ. ಡೈನಮೋ ಹಿಂದಿನ ಚಕ್ರದಲ್ಲಿದ್ದರೆ ಸ್ಟ್ಯಾಂಡ್ ಹಾಕಿ ಪೆಡಲು ಸುತ್ತಿದರಾಯಿತು, ಮುಂದಿನದಾದರೆ ಒಬ್ಬರು ಹ್ಯಾಂಡಲ್ ಎತ್ತಿ ಹಿಡಿಯಬೇಕು. ಬಲ್ಬು ಉರಿದರೆ ಡೈನಮೋ ಗಟ್ಟಿಯಾಗಿದೆ, ಬೇರೆ ಕಡೆ ಹುಡುಕಿ. ಉರಿಯದಿದ್ದರೆ ಮೇಲಿನ ರೋಲರ್ ನಿಜಕ್ಕೂ ತಿರುಗುತ್ತಿದೆಯೇ ನೋಡಿ. ರೋಲರ್ ತಿರುಗಿ ಒಳಗಿನ ಅಯಸ್ಕಾಂತ ತಿರುಗದೆ ಇರುವುದುಂಟು, ರೋಲರಿನ ನಟ್ಟು ಸಡಿಲವಾದಾಗ ಹಾಗಾಗುತ್ತದೆ. ಬಿಗಿ ಮಾಡಿ ಮತ್ತೆ ನೋಡಿ. ಆಮೇಲೂ ಇಲ್ಲವೆಂದರೆ ಮೀಟರನ್ನು ಓಮ್‌ಗೆ ಇಟ್ಟು ಟರ್ಮಿನಲ್ಲಿಗೂ ಮೈಗೂ ಹಿಡಿಯಿರಿ. ಕೆಲವೇ ಓಮ್ ಬಂದರೆ ಸುರುಳಿ ಸರಿ ಇದೆ. ಏನೂ ಬರದಿದ್ದರೆ ಒಳಗೆ ತಂತಿ ಕಡಿದಿದೆ, ಆ ಡೈನಮೋಗೆ ಕೈ ಮುಗಿಯಿರಿ.

ಡೈನಮೋ ಸರಿಯಿದ್ದರೆ ಮುಂದಿನ ಸಂಶಯ ಅರ್ಥ್. ಈ ಏರ್ಪಾಟಿನಲ್ಲಿ ಒಂದೇ ತಂತಿ. ಕರೆಂಟು ಹಿಂದಿರುಗುವ ದಾರಿ ಸೈಕಲ್ಲಿನ ಚೌಕಟ್ಟೇ. ಡೈನಮೋ ಕ್ಲ್ಯಾಂಪಿನಲ್ಲಿ ಚೂಪು ತುದಿಯ ಸಣ್ಣ ಸ್ಕ್ರೂ ಒಂದಿರುತ್ತದೆ. ಅದು ಇರುವುದು ಅಲಂಕಾರಕ್ಕಲ್ಲ, ಬಣ್ಣ ಕೊರೆದು ಕಬ್ಬಿಣ ಮುಟ್ಟಲು. ಸೈಕಲ್ಲಿಗೆ ಹೊಸ ಬಣ್ಣ ಹೊಡೆಸಿದ ಮರುವಾರ ಲೈಟು ಹೋಯಿತು ಎಂದರೆ ಬೇರೆ ಕಡೆ ನೋಡುವುದೇ ಬೇಡ. ಸ್ಕ್ರೂ ಬಿಚ್ಚಿ, ಅದು ಕೂರುವ ಜಾಗದಲ್ಲಿ ಬೆಳ್ಳಗೆ ಕಬ್ಬಿಣ ಕಾಣುವಷ್ಟು ಉಜ್ಜಿ, ಚೂರು ವ್ಯಾಸಲೀನ್ ಸವರಿ ಬಿಗಿ ಮಾಡಿ. ಹೆಡ್‌ಲೈಟಿನ ಬ್ರಾಕೆಟ್ಟಿಗೂ ಹಾಗೆಯೇ.

ಹಲವರಿಗೆ ಹೊಳೆಯದ ಒಂದು ಜಾಗವಿದೆ. ಡೈನಮೋ ಮುಂದಿನ ಫೋರ್ಕಿನಲ್ಲಿದ್ದು ಟೇಲ್‌ಲೈಟು ಹಿಂದಿನ ಮಡ್‌ಗಾರ್ಡಿನಲ್ಲಿದ್ದರೆ ಕರೆಂಟು ಹಿಂದಿರುಗುವಾಗ ಹ್ಯಾಂಡಲ್ ಕೆಳಗಿನ ಬಾಲ್‌ ಬೇರಿಂಗ್ ದಾಟಿ ಬರಬೇಕು. ಅಲ್ಲಿ ತುಂಬಿರುವುದು ಗ್ರೀಸು, ಮುಟ್ಟುವುದು ನಾಲ್ಕಾರು ಗುಂಡುಗಳ ತುದಿ. ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಹಿಂದಿನ ಲೈಟು ಬರುತ್ತದೆ, ನೇರ ಮಾಡಿದರೆ ಹೋಗುತ್ತದೆ ಎಂಬ ದೂರಿನ ಮೂಲ ಇದೇ. ಪ್ಲಾಸ್ಟಿಕ್ ಮಡ್‌ಗಾರ್ಡ್ ಹಾಕಿದ ಮೇಲೆ ಟೇಲ್‌ಲೈಟು ಸತ್ತಿದ್ದರೂ ಕಾರಣ ಅರ್ಥವಾಗುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲ. ಎರಡಕ್ಕೂ ಮದ್ದು ಒಂದೇ: ಚೌಕಟ್ಟನ್ನು ನಂಬುವುದು ಬಿಟ್ಟು ಡೈನಮೋದ ಮೈಯಿಂದ ಎರಡೂ ಲೈಟಿಗೆ ಎರಡನೇ ತಂತಿ ಎಳೆಯುವುದು. ಹತ್ತಿಪ್ಪತ್ತು ರೂಪಾಯಿಯ ಜೋಡಿ ತಂತಿಯಲ್ಲಿ ಮುಗಿಯುವ ಕೆಲಸ. ಮಂಗಳೂರು, ಉಡುಪಿ, ಕಾರವಾರದ ಉಪ್ಪು ಗಾಳಿಯಲ್ಲಿ ಓಡುವ ಸೈಕಲ್ಲಿಗಂತೂ ಮೊದಲ ದಿನವೇ ಎರಡು ತಂತಿ ಹಾಕಿಬಿಡಬೇಕು.

ಅರ್ಥ್ ಸರಿಯಿದ್ದರೆ ಉಳಿದದ್ದು ತಂತಿ. ಅದು ಕಡಿಯುವುದು ಹೆಚ್ಚಾಗಿ ಮೂರು ಕಡೆ: ಹ್ಯಾಂಡಲ್ ತಿರುಗುವ ಕುತ್ತಿಗೆಯಲ್ಲಿ, ಮಡ್‌ಗಾರ್ಡಿನ ಅಂಚು ಉಜ್ಜುವಲ್ಲಿ, ಟರ್ಮಿನಲ್ಲಿನಿಂದ ಒಂದು ಅಂಗುಲ ದೂರದಲ್ಲಿ. ಸಿಪ್ಪೆ ಹರಿಯದೆ ಒಳಗಿನ ತಾಮ್ರವಷ್ಟೇ ತುಂಡಾಗಿರುತ್ತದಾದ್ದರಿಂದ ಕಣ್ಣಿಗೆ ಕಾಣುವುದಿಲ್ಲ. ಮೀಟರು ಬೀಪ್‌ನಲ್ಲಿಟ್ಟು ತಂತಿಯನ್ನು ಮೊದಲಿನಿಂದ ಕೊನೆವರೆಗೆ ಬಗ್ಗಿಸುತ್ತಾ ಬನ್ನಿ, ಸದ್ದು ಕಡಿಯುವ ಜಾಗವೇ ಗಾಯ. ತುದಿ ಸುಲಿದಾಗ ತಾಮ್ರ ಕಪ್ಪಗಿದ್ದರೆ ನೀರು ಸಿಪ್ಪೆಯೊಳಗೆ ಹೀರಿಕೊಂಡು ಹೋಗಿದೆ ಎಂದರ್ಥ. ಕೆಂಪಗೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತಾ ಹೋಗಿ, ಎರಡಂಗುಲಕ್ಕೂ ಸಿಗದಿದ್ದರೆ ತಂತಿಯನ್ನೇ ಬದಲಿಸಿ. ಹೊಸ ತಂತಿ ಕಟ್ಟುವಾಗ ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಅಳತೆ ನೋಡಿ. ಕುತ್ತಿಗೆಯ ಬಳಿ ತಂತಿ ಬಿಗಿಯಾಗಬಾರದು, ಕಡ್ಡಿಗೆ ತಾಗುವಷ್ಟು ಜೋತಲೂಬಾರದು.

ಬಲ್ಬು ಮೇಲಿಂದ ಮೇಲೆ ಹೋಗುತ್ತದೆ

ಇದಕ್ಕೆ ಬಲ್ಬಿನ ಕಂಪನಿಯನ್ನು ಬೈಯುವುದು ವಾಡಿಕೆ. ನಿಜವಾದ ಕಾರಣ ಡೈನಮೋದ ಸ್ವಭಾವ. ಅದು ಬ್ಯಾಟರಿಯ ಹಾಗೆ ಇಷ್ಟೇ ವೋಲ್ಟ್ ಎಂದು ಕೊಡುವುದಿಲ್ಲ. ವೇಗ ಬಂದ ಮೇಲೆ ಹೆಚ್ಚುಕಡಿಮೆ ಅರ್ಧ ಆಂಪಿಯರ್ ಕರೆಂಟನ್ನು ತಳ್ಳುತ್ತಲೇ ಇರುತ್ತದೆ. 6 ವೋಲ್ಟ್, 3 ವಾಟ್ ಎಂಬ ಲೆಕ್ಕ ಬಂದಿರುವುದು ಹೀಗೆ: ಮುಂದಿನ 2.4 ವಾಟ್ ಬಲ್ಬಿಗೆ 0.4 ಆಂಪಿಯರ್, ಹಿಂದಿನ 0.6 ವಾಟ್ ಬಲ್ಬಿಗೆ 0.1 ಆಂಪಿಯರ್. ಹಿಂದಿನದು ಹೋದರೆ ಅದರ ಪಾಲೂ ಮುಂದಿನದಕ್ಕೆ ಬಂದು ಅದರ ಆಯಸ್ಸು ಕಡಿಮೆಯಾಗುತ್ತದೆ. ಮುಂದಿನದು ಹೋದರೆ ಪೂರ್ತಿ ಕರೆಂಟು ಪಾಪದ ಹಿಂದಿನ ಬಲ್ಬಿನ ಮೇಲೆ ಬೀಳುತ್ತದೆ, ಅದು ಕ್ಷಣ ಮಾತ್ರದಲ್ಲಿ ಸುಡುತ್ತದೆ. ಆದ್ದರಿಂದ ಒಂದು ಬಲ್ಬು ಹೋದಾಗ ಇನ್ನೊಂದನ್ನೂ ಬಿಚ್ಚಿ ನೋಡುವುದು ನಿಯಮ. ಹಿಂದಿನ ತಂತಿ ಸಡಿಲವಿದ್ದರೂ ಇದೇ ಕಥೆ: ಪ್ರತಿ ಗುಂಡಿಯಲ್ಲೂ ಟೇಲ್‌ಲೈಟು ಕಡಿದು ಕೂಡುತ್ತಿದ್ದರೆ ಹೆಡ್‌ಲೈಟಿನ ಬಲ್ಬು ಪ್ರತಿ ಸಲವೂ ಪೆಟ್ಟು ತಿನ್ನುತ್ತದೆ.

ಇನ್ನೊಂದು ಸಾಮಾನ್ಯ ತಪ್ಪು, ಬಲ್ಬು ಅದಲುಬದಲು. ಮುಂದಿನದಕ್ಕೂ ಹಿಂದಿನದಕ್ಕೂ ಒಂದೇ 10 ಮಿ.ಮೀ. ಚೂಡಿ. ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ, ನಾವೂ ನೋಡದೆ ತಿರುಗಿಸಿ ಕೂರಿಸುತ್ತೇವೆ. 0.6 ವಾಟಿನದನ್ನು ಮುಂದೆ ಹಾಕಿದರೆ ಮೊದಲ ಇಳಿಜಾರಿನಲ್ಲೇ ಸುಡುತ್ತದೆ. 2.4 ವಾಟಿನದನ್ನು ಹಿಂದೆ ಹಾಕಿದರೆ ಯಾವುದೂ ಸುಡುವುದಿಲ್ಲ, ಎರಡೂ ಮಂಕಾಗಿ ಉರಿಯುತ್ತವೆ. ಬಲ್ಬಿನ ಚೂಡಿಯ ಮೇಲೆ ಸಣ್ಣಕ್ಷರದಲ್ಲಿ ಕೆತ್ತಿರುವ ಅಂಕಿ ಓದಿಯೇ ಹಾಕಿ.

ಎರಡೂ ಸರಿಯಿದ್ದು ಇಳಿಜಾರಿನಲ್ಲಿ ಮಾತ್ರ ಹೋಗುತ್ತಿದ್ದರೆ, ಅಂದರೆ ಚಾಮುಂಡಿ ಬೆಟ್ಟದಂಥ ಇಳಿತ ದಿನದ ದಾರಿಯಲ್ಲೇ ಇರುವವರಿಗೆ, 6.8 ವೋಲ್ಟಿನ 5 ವಾಟ್ ಜೆನರ್ ಡಯೋಡ್ ಎರಡನ್ನು ಬೆನ್ನಿಗೆ ಬೆನ್ನು ಹಚ್ಚಿ ಬೆಸುಗೆ ಹಾಕಿ, ಡೈನಮೋ ಟರ್ಮಿನಲ್ಲಿಗೂ ಅರ್ಥಿಗೂ ನಡುವೆ ಕೂರಿಸಿ. ವೋಲ್ಟೇಜು 7.5ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಬೀದಿಗಳಲ್ಲಿ ಸುಲಭವಾಗಿ ಸಿಗುತ್ತವೆ. ಹಿಂದಿನ ಬಲ್ಬು ತೆಗೆದು ಎಲ್‌ಇಡಿ ಹಾಕಿಸಿಕೊಂಡವರಿಗೆ ಇದು ಇನ್ನೂ ಮುಖ್ಯ. ಎಲ್‌ಇಡಿ ಕುಡಿಯುವ ಕರೆಂಟು ಅತಿ ಕಡಿಮೆ, ಮಿಕ್ಕದ್ದೆಲ್ಲ ಮುಂದಿನ ಬಲ್ಬಿನ ತಲೆಗೆ ಬರುತ್ತದೆ.

ಬಿಸಿಲಲ್ಲಿ ಉರಿಯುತ್ತದೆ, ಮಳೆಯಲ್ಲಿ ಇಲ್ಲ

ಮಳೆಯಲ್ಲಿ ರೋಲರ್ ಜಾರುತ್ತಿದೆ. ಟೈರು ತಿರುಗುತ್ತದೆ, ರೋಲರ್ ನಿಂತಿರುತ್ತದೆ. ಮೊದಲು ಕೋನ ನೋಡಿ: ಡೈನಮೋದ ನಡುಗೆರೆಯನ್ನು ಕಣ್ಣಲ್ಲೇ ಕೆಳಕ್ಕೆ ಎಳೆದರೆ ಅದು ಚಕ್ರದ ಆಕ್ಸಲ್ಲಿಗೆ ಹೋಗಿ ಸೇರಬೇಕು. ಓರೆಯಿದ್ದರೆ ರೋಲರ್ ಉರುಳುವ ಬದಲು ಉಜ್ಜುತ್ತದೆ, ಟೈರಿನ ಪಕ್ಕ ಸವೆದು ದಾರ ಕಾಣತೊಡಗುತ್ತದೆ. ಆಮೇಲೆ ಟೈರು ನೋಡಿ. ಹಳೇ 28 ಇಂಚಿನ ಸೈಕಲ್ಲಿನ ಎಷ್ಟೋ ಟೈರುಗಳ ಪಕ್ಕದಲ್ಲಿ ಡೈನಮೋಗೆಂದೇ ಗೀರು ಗೀರಿನ ಪಟ್ಟಿ ಇರುತ್ತದೆ. ಈಗಿನ ಎಂಟಿಬಿ (ಮೌಂಟನ್ ಬೈಕ್) ಟೈರುಗಳಲ್ಲಿ ಅದಿಲ್ಲ, ಅವುಗಳ ಮೇಲೆ ಬಾಟಲ್ ಡೈನಮೋ ಸರಿಯಾಗಿ ಕೂರುವುದೂ ಇಲ್ಲ. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಪಕ್ಕ ಮೆತ್ತಗಾಗಿ ಹಿಡಿತ ತಪ್ಪುತ್ತದೆ. ಇಷ್ಟೆಲ್ಲ ಸರಿ ಮಾಡಿಯೂ ಜಾರಿದರೆ ರೋಲರಿನ ಮೇಲೆ ಹಾಕುವ ರಬ್ಬರ್ ಟೋಪಿ ಹಾಕಿ. ಸ್ಪ್ರಿಂಗ್ ಬಿಗಿ ಮಾಡಿ ಒತ್ತಡ ಹೆಚ್ಚಿಸುವುದು ಕೊನೆಯ ಉಪಾಯ, ತುಳಿಯುವುದು ಭಾರವಾಗುತ್ತದೆ.

ಹಬ್ ಡೈನಮೋ

ಹಬ್ ಡೈನಮೋ ಜಾರುವುದಿಲ್ಲ, ಕೆಡುವುದೂ ಅಪರೂಪ. ಚಕ್ರವನ್ನು ಕೈಯಲ್ಲಿ ತಿರುಗಿಸಿದಾಗ ಗಿಟಿಗಿಟಿ ಅಡ್ಡಿ ಸಿಕ್ಕರೆ ಗಾಬರಿ ಬೇಡ, ಅದು ಅಯಸ್ಕಾಂತದ ಎಳೆತ. ತೀರಾ ನಿಧಾನ ಹೋಗುವಾಗ ಎಲ್‌ಇಡಿ ಮಿಣಮಿಣ ಎನ್ನುವುದೂ ದೋಷವಲ್ಲ. ಒಳಗೆ ಸಾಮಾನ್ಯವಾಗಿ 26 ಅಥವಾ 28 ಧ್ರುವಗಳಿರುತ್ತವೆ. ನಡಿಗೆಯ ವೇಗದಲ್ಲಿ ಬೆಳಕು ಸೆಕೆಂಡಿಗೆ ಹದಿನೈದು ಸಲದ ಆಸುಪಾಸು ಮಿಣುಕುವುದರಿಂದ ಕಣ್ಣಿಗೆ ತಿಳಿಯುತ್ತದೆ, ಗಂಟೆಗೆ 15 ಕಿ.ಮೀ. ದಾಟಿದರೆ ತಿಳಿಯುವುದಿಲ್ಲ.

ಬೆಳಕೇ ಇಲ್ಲವೆಂದರೆ ಕನೆಕ್ಟರ್ ನೋಡಿ. ಸುಲಿದ ಎರಡು ತಂತಿಗಳನ್ನು ಪ್ಲಾಸ್ಟಿಕ್ ಟೋಪಿಯೊಳಗೆ ಮಡಚಿ ಒತ್ತುವ ಬಗೆಯದರಲ್ಲಿ ಒಂದು ಎಳೆ ಆಚೆ ಚಾಚಿ ಪಕ್ಕದ್ದಕ್ಕೆ ತಾಗಿದರೂ ಶಾರ್ಟ್. ಇದರಿಂದ ಡೈನಮೋ ಸುಡುವುದಿಲ್ಲ, ಲೈಟು ಉರಿಯುವುದಿಲ್ಲ ಅಷ್ಟೇ. ಪಂಕ್ಚರ್ ಹಾಕಿಸಿದ ಮರುದಿನ ಲೈಟು ಹೋಗಿದ್ದರೆ ಕನೆಕ್ಟರ್ ಬಿಚ್ಚದೆ ಚಕ್ರ ಎಳೆದಿದ್ದಾರೆ, ಅಥವಾ ಚಕ್ರವನ್ನು ತಿರುವುಮುರುವು ಹಾಕಿದ್ದಾರೆ. ಆಕ್ಸಲ್ ನಟ್ಟು ಸಡಿಲವಿದ್ದು ಆಕ್ಸಲ್ಲೇ ತಿರುಗಿದರೆ ತಂತಿ ಸುತ್ತಿಕೊಂಡು ಹರಿಯುತ್ತದೆ.

ಹಬ್ಬಿನ ಒಂದು ಟರ್ಮಿನಲ್ ಆಕ್ಸಲ್ಲಿಗೆ ಕೂಡಿದ್ದು, ಹೆಡ್‌ಲೈಟಿನ ಒಂದು ತಂತಿ ಅದರ ಲೋಹದ ಬ್ರಾಕೆಟ್ಟಿಗೆ ಕೂಡಿದ್ದರೆ, ಎರಡು ತಂತಿ ಅದಲುಬದಲಾದಾಗ ಚೌಕಟ್ಟಿನ ಮೂಲಕ ಶಾರ್ಟ್ ಆಗುತ್ತದೆ. ಎಸಿ ಕರೆಂಟಿಗೆ ಪ್ಲಸ್ ಮೈನಸ್ ಇಲ್ಲವೆಂಬ ಮಾತು ನಿಜವಾದರೂ ಇಲ್ಲಿ ಸಾಲದು. ತಂತಿ ತಿರುಗಿಸಿ ಹಾಕಿ ನೋಡುವುದಕ್ಕೆ ಖರ್ಚಿಲ್ಲ. ಲೈಟನ್ನು ಬೇರೆಯಾಗಿ ಪರೀಕ್ಷಿಸಲು ನಾಲ್ಕು ಪೆನ್ಸಿಲ್ ಸೆಲ್ಲಿನ 6 ವೋಲ್ಟ್ ಕೊಡಿ, ಒಂದು ಕಡೆ ಉರಿಯದಿದ್ದರೆ ತಿರುಗಿಸಿ ಹಿಡಿಯಿರಿ. ಸಿಗ್ನಲ್ಲಿನಲ್ಲಿ ನಿಂತಾಗಲೂ ಕೆಲ ನಿಮಿಷ ಉರಿಯಬೇಕಾದ ಲೈಟು ತಕ್ಷಣ ಆರುತ್ತಿದ್ದರೆ ಒಳಗಿನ ಕೆಪಾಸಿಟರ್ ಹೋಗಿದೆ. ಓಡುವಾಗ ಉರಿಯುವುದಕ್ಕೆ ಅದು ಅಡ್ಡಿಯಲ್ಲ. ಹಬ್ಬನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಆಕ್ಸಲ್ ತಿರುಗಿಸಿದೊಡನೆ ಒಳಗಿನ ಸಣ್ಣ ತಂತಿ ತುಂಡಾಗಿ, ಅಲ್ಲಿವರೆಗೆ ಇಲ್ಲದ ದೋಷ ಹುಟ್ಟುತ್ತದೆ.

ಯುಎಸ್‌ಬಿ ಲೈಟು: ಚಾರ್ಜೇ ಆಗುತ್ತಿಲ್ಲ

ಲೈಟಿನದು ಟೈಪ್-ಸಿ ಪೋರ್ಟ್, ಚಾರ್ಜರಿನದೂ ಟೈಪ್-ಸಿ, ಕೇಬಲ್ಲಿನ ಎರಡು ತುದಿಯೂ ಟೈಪ್-ಸಿ. ಚುಚ್ಚಿದರೆ ಏನೂ ಇಲ್ಲ. ಲೈಟು ಸತ್ತಿಲ್ಲ. ಟೈಪ್-ಸಿ ಚಾರ್ಜರು ಆ ಕಡೆ ಯಾರಾದರೂ ಇದ್ದಾರೆಂದು ಗೊತ್ತಾಗುವವರೆಗೆ ಕರೆಂಟು ಬಿಡುವುದಿಲ್ಲ, ಆ ಗುರುತು ಕೊಡುವುದು ಸಾಧನದೊಳಗಿನ 5.1 ಕಿಲೋ ಓಮ್ ರೆಸಿಸ್ಟರುಗಳು. ಅಗ್ಗದ ಲೈಟು ಮಾಡುವವರು ಅವನ್ನು ಹಾಕದೆ ಖರ್ಚು ಉಳಿಸುತ್ತಾರೆ. ಒಂದು ತುದಿ ಹಳೇ ಅಗಲ ಯುಎಸ್‌ಬಿ ಇರುವ ಕೇಬಲ್ಲನ್ನು ಹಳೇ ಮೊಬೈಲ್ ಚಾರ್ಜರಿಗೆ ಹಾಕಿ, ಚಾರ್ಜ್ ಆಗುತ್ತದೆ.

ಪವರ್ ಬ್ಯಾಂಕಿಗೆ ಹಾಕಿದಾಗ ಅರ್ಧ ನಿಮಿಷಕ್ಕೆ ನಿಂತುಹೋದರೆ, ಸಣ್ಣ ಟೇಲ್‌ಲೈಟು ಎಳೆಯುವ ಕರೆಂಟು ತೀರಾ ಕಡಿಮೆಯೆಂದು ಪವರ್ ಬ್ಯಾಂಕ್ ತಾನಾಗಿ ಆಫ್ ಆಗುತ್ತಿದೆ. ಜೊತೆಗೆ ಫೋನನ್ನೂ ಹಾಕಿ, ನಿಲ್ಲುವುದಿಲ್ಲ.

ಇನ್ನು ಪೋರ್ಟು. ರಬ್ಬರ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ: ಹಸಿರು ಕಿಲುಬು, ಒಣಗಿದ ಕೆಸರು, ನೂಲು ಕಾಣಬಹುದು. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಪೂರ್ತಿ ಒಣಗಿದ ಮೇಲೆ ಚಾರ್ಜಿಗೆ ಹಾಕಿ. ಒದ್ದೆಯಿರುವಾಗ ಹಾಕಿದರೆ ಪಿನ್ನುಗಳೇ ಸವೆದು ಹೋಗುತ್ತವೆ. ನೀರು ಒಳಹೋಗಿ ಗಾಜಿನಲ್ಲಿ ಆವಿ ಕಂಡರೆ ಸಿಲಿಕಾ ಜೆಲ್ ಪೊಟ್ಟಣಗಳಿರುವ ಡಬ್ಬಿಯಲ್ಲಿ ಎರಡು ದಿನ ಮುಚ್ಚಿಡಿ. ಅಕ್ಕಿ ಡಬ್ಬಿಯಲ್ಲಿ ಹೂಳುವುದರಿಂದ ಪೋರ್ಟಿಗೆ ಅಕ್ಕಿಹಿಟ್ಟು ಸೇರುವುದು ಖಚಿತ, ಒಣಗುವುದು ಅಷ್ಟಕ್ಕಷ್ಟೇ.

ನೀರು ಹೋಗಿದ್ದೇಕೆ ಎಂದೂ ಕೇಳಿಕೊಳ್ಳಿ. ಕೆಳಮುಖವಾಗಿ ಕೂರಬೇಕಾದ ಪೋರ್ಟು ಲೈಟನ್ನು ಹ್ಯಾಂಡಲ್ಲಿನ ಕೆಳಗೆ ತಲೆಕೆಳಗು ಹಾಕಿದಾಗ ಮೇಲ್ಮುಖವಾಗಿ ಬಟ್ಟಲಿನಂತೆ ನೀರು ಹಿಡಿಯುತ್ತದೆ. ಸೀಟ್ ಪೋಸ್ಟಿನ ಟೇಲ್‌ಲೈಟಿಗೆ ನೀರು ಬರುವುದು ಮೇಲಿಂದಲ್ಲ, ಮಡ್‌ಗಾರ್ಡ್ ಇಲ್ಲದ ಹಿಂದಿನ ಚಕ್ರ ಕೆಳಗಿನಿಂದ ಪಿಚಕಾರಿಯಂತೆ ಎರಚುತ್ತದೆ. ಲೈಟು ಎಷ್ಟು ನೀರು ತಡೆಯುತ್ತದೆಂದು ಹೇಳುವ ಗುರುತು ಐಪಿಎಕ್ಸ್. ಐಪಿಎಕ್ಸ್ 4 ಎಂದರೆ ಎಲ್ಲ ದಿಕ್ಕಿನ ಎರಚಲು ತಡೆಯುತ್ತದೆ. 7 ಎಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸಿ ನೋಡಿದ್ದಾರೆ. ಆದರೆ ಮುಳುಗಿ ಗೆದ್ದದ್ದು ರಭಸದ ಧಾರೆಗೂ ಗೆಲ್ಲುತ್ತದೆಂದಿಲ್ಲ, ವಾಟರ್ ಸರ್ವಿಸಿನ ಪೈಪಿನೆದುರು ಲೈಟು ಬಿಚ್ಚಿಡಿ. ಮಲೆನಾಡಿನ ಜಡಿಮಳೆಗೆ ಮಡ್‌ಗಾರ್ಡೇ ಟೇಲ್‌ಲೈಟಿನ ಮೊದಲ ರಕ್ಷಣೆ.

ಚಾರ್ಜ್ ಪೂರ್ತಿ ಎಂದು ತೋರಿಸಿ ಹತ್ತು ನಿಮಿಷಕ್ಕೆ ಆರಿದರೆ ಸೆಲ್ ಮುದಿಯಾಗಿದೆ. ಲಿಥಿಯಂ ಸೆಲ್ ತುಂಬಿದಾಗ 4.2 ವೋಲ್ಟ್, 3ರ ಹತ್ತಿರ ಖಾಲಿ. ತಿಂಗಳುಗಟ್ಟಲೆ ಖಾಲಿ ಇಟ್ಟ ಲೈಟಿನಲ್ಲಿ ಅದು 2.5ಕ್ಕೂ ಕೆಳಗಿಳಿದು ಚಾರ್ಜನ್ನೇ ನಿರಾಕರಿಸಬಹುದು, ಅದನ್ನು ಬಲವಂತದಿಂದ ಎಬ್ಬಿಸುವ ಸಾಹಸ ಬೇಡ. ಉಬ್ಬಿದ ಸೆಲ್ಲಿಗೂ ಚಾರ್ಜರ್ ತೋರಿಸಬೇಡಿ, ನೇರ ಇ-ತ್ಯಾಜ್ಯಕ್ಕೆ ಕೊಡಿ. ಬಟನ್ ಒತ್ತಿದರೂ ಹತ್ತದ, ಆದರೆ ಚಾರ್ಜಿನ ದೀಪ ತೋರಿಸುವ ಲೈಟು ಬಹುಶಃ ಲಾಕ್ ಆಗಿದೆ: ಬಟನ್ನನ್ನು ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ. ಸಿಗ್ನಲ್ಲಿನಲ್ಲಿ ನಿಂತಾಗ ಬೆಳಕು ತಾನಾಗಿ ಇಳಿದರೆ ಅದು ಗಾಳಿಯಿಲ್ಲದೆ ಬಿಸಿಯಾದ ಲೈಟು ತನ್ನನ್ನು ಕಾಪಾಡಿಕೊಳ್ಳುತ್ತಿರುವುದು.

ಹಂಪ್ ಹಾರಿದಾಗ ಆರುತ್ತದೆ

ಸೆಲ್ ಬದಲಿಸಬಹುದಾದ ಲೈಟುಗಳ ರೋಗ ಇದು. ಸ್ಪ್ರಿಂಗ್ ಸೋತಿದೆ, ಎಳೆದು ಉದ್ದ ಮಾಡಿ. 18650 ಸೆಲ್ಲಾದರೆ ಉದ್ದ ಅಳೆಯಿರಿ: ಹೆಸರೇ ಹೇಳುವಂತೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, ಆದರೆ ರಕ್ಷಣಾ ಸರ್ಕ್ಯೂಟ್ ಇರುವವು 69ರವರೆಗೂ ಬರುತ್ತವೆ. ಉದ್ದನೆಯದಕ್ಕೆ ಮಾಡಿದ ಗೂಡಿನಲ್ಲಿ ಗಿಡ್ಡ ಸೆಲ್ ಹಾಕಿದರೆ ಪ್ರತಿ ಗುಂಡಿಗೂ ಸಂಪರ್ಕ ಕಡಿಯುತ್ತದೆ. ಸಿ.ಆರ್. 2032 ಬಿಲ್ಲೆಯ ಲೈಟುಗಳಲ್ಲಿ ಒಳಗಿನ ತಗಡಿನ ನಾಲಿಗೆಯನ್ನು ಉಗುರಿನಿಂದ ಎತ್ತಿದರೆ ಸಾಕು.

ಲೈಟೇ ಮುಖ ತಗ್ಗಿಸಿಕೊಳ್ಳುತ್ತಿದ್ದರೆ ಕ್ಲ್ಯಾಂಪಿನ ಅಳತೆ ತಪ್ಪಿದೆ. ಹ್ಯಾಂಡಲ್ ಹಿಡಿಯ ಕಡೆ 22.2 ಮಿ.ಮೀ., ನಡುವೆ 25.4 ಅಥವಾ 31.8. ಹಳೇ ಟ್ಯೂಬಿನ ಪಟ್ಟಿ ಎರಡು ಸುತ್ತು ಸುತ್ತಿ ಬಿಗಿ ಮಾಡಿ.

ಉರಿಯುತ್ತದೆ, ಆದರೂ ಕಾಣುವುದಿಲ್ಲ

ಟೇಲ್‌ಲೈಟು ಹಚ್ಚಿ, ಎಂದಿನ ಬ್ಯಾಗು ಕಟ್ಟಿ, ರೇನ್‌ಕೋಟ್ ಹಾಕಿಕೊಂಡು ಒಬ್ಬರನ್ನು ಸೈಕಲ್ ಮೇಲೆ ಕೂರಿಸಿ. ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಸೀಟಿನ ಕೆಳಗಿನ ಲೈಟನ್ನು ಕ್ಯಾರಿಯರಿನ ಮೇಲಿನ ಊಟದ ಬ್ಯಾಗು ಪೂರ್ತಿ ಮುಚ್ಚಿರುವುದು ಸವಾರನಿಗೆ ಎಂದೂ ಗೊತ್ತಾಗುವುದಿಲ್ಲ. ಸಾಮಾನು ಹೊರುವ ಸೈಕಲ್ಲಿಗೆ ಲೈಟು ಕ್ಯಾರಿಯರಿನ ಹಿಂತುದಿಯಲ್ಲೇ ಇರಬೇಕು. ಅಲ್ಲೇ ಇರುವ ಕೆಂಪು ರಿಫ್ಲೆಕ್ಟರ್ ಹಗ್ಗ ಎಳೆದು ಎಳೆದು ಆಕಾಶ ನೋಡುತ್ತಿದ್ದರೆ ನೇರ ಮಾಡಿ, ಒರೆಸಿ.

ಮುಂದಿನ ಲೈಟಿನ ಗುರಿ ಗೋಡೆಯೆದುರು ಸರಿ ಮಾಡಬೇಕು. ಟಾರ್ಚಿನಂತೆ ದುಂಡು ಬೆಳಕಾದರೆ ಗೋಡೆಯಿಂದ 5 ಮೀಟರ್ ದೂರ ನಿಂತು, ಬೆಳಕಿನ ನಡುವು ಲೈಟಿನ ಎತ್ತರದ ಅರ್ಧಕ್ಕೆ ಬೀಳುವಂತೆ ತಗ್ಗಿಸಿ. ಲೈಟು 90 ಸೆಂ.ಮೀ. ಎತ್ತರದಲ್ಲಿದ್ದರೆ ಗೋಡೆಯ ಮೇಲೆ 45; ಆಗ ರಸ್ತೆಗೆ 10 ಮೀಟರ್ ಮುಂದೆ ಬೀಳುತ್ತದೆ. ಮೇಲಂಚು ಕತ್ತರಿಸಿದಂತೆ ಬೆಳಕು ಬರುವ ಲೈಟಾದರೆ ಆ ಅಂಚು ಲೈಟಿನ ಎತ್ತರಕ್ಕಿಂತ ಐದು–ಹತ್ತು ಸೆಂ.ಮೀ. ಕೆಳಗಿದ್ದರೆ ಸಾಕು. ಎದುರಿನ ಬೈಕಿನವರು ಡಿಮ್‌ ಡಿಪ್ ಮಾಡುತ್ತಿದ್ದಾರೆಂದರೆ ನಿಮ್ಮ ಲೈಟು ಅವರ ಕಣ್ಣಿಗೆ ಹೊಡೆಯುತ್ತಿದೆ. ಕತ್ತಲ ದಾರಿಯಲ್ಲಿ ಮುಂದಿನದನ್ನು ಮಿನುಗುವ ಮೋಡ್‌ನಲ್ಲಿ ಇಡಬೇಡಿ, ಗುಂಡಿ ನಿಮಗೂ ಕಾಣುವುದಿಲ್ಲ, ನಿಮ್ಮ ದೂರ ಅವರಿಗೂ ತಿಳಿಯುವುದಿಲ್ಲ.

ಸ್ಪೀಡೋಮೀಟರು ಮತ್ತು ಗಲಗಲ ಸದ್ದು

ಲೈಟು ಹಚ್ಚಿದಾಗ ಮಾತ್ರ ವೈರ್‌ಲೆಸ್ ಸ್ಪೀಡೋಮೀಟರ್ ಸೊನ್ನೆ ತೋರಿಸಿದರೆ ಅಥವಾ ಗಂಟೆಗೆ 90 ಎಂದರೆ, ಎಲ್‌ಇಡಿಯ ಸರ್ಕ್ಯೂಟ್ ಅದರ ಸಿಗ್ನಲ್ ಕೆಡಿಸುತ್ತಿದೆ. ಎರಡನ್ನೂ ಹ್ಯಾಂಡಲ್ಲಿನ ಎರಡು ಬದಿಗೆ ಸರಿಸಿ. ಯಾವಾಗಲೂ ಸೊನ್ನೆಯಾದರೆ ಕಡ್ಡಿಯ ಅಯಸ್ಕಾಂತ ಸರಿದಿದೆ, ಸೆನ್ಸರಿನಿಂದ ಕೆಲವೇ ಮಿ.ಮೀ. ಅಂತರಕ್ಕೆ ತನ್ನಿ. ದೂರ ತಪ್ಪು ಬರುತ್ತಿದ್ದರೆ ಚಕ್ರದ ಸುತ್ತಳತೆ ತಪ್ಪಾಗಿ ತುಂಬಿದ್ದೀರಿ. 700×25 ಟೈರಿಗೆ 2105 ಮಿ.ಮೀ.; ಬೇರೆಯದಕ್ಕೆ ವಾಲ್ವಿನ ನೇರ ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಸೈಕಲ್ ಮೇಲೆ ಕೂತೇ ಒಂದು ಸುತ್ತು ಉರುಳಿಸಿ ಅಳೆಯಿರಿ.

ಸದ್ದಿಗೆ ಕಿವಿಗಿಂತ ಕೈ ಮೇಲು. ಸೈಕಲ್ಲನ್ನು ಒಂದು ಗೇಣು ಎತ್ತಿ ಬಿಡಿ, ಪ್ರತಿ ಸಲ ಒಂದೊಂದು ಸಾಮಾನು ಹಿಡಿದುಕೊಂಡು: ಮಡ್‌ಗಾರ್ಡ್, ಅದರ ಕಡ್ಡಿ, ಬಾಟಲ್ ಸ್ಟ್ಯಾಂಡ್, ಬೆಲ್ಲು, ಕ್ಯಾರಿಯರ್. ಯಾವುದನ್ನು ಹಿಡಿದಾಗ ಸದ್ದು ನಿಲ್ಲುತ್ತದೋ ಅದೇ. ಅಲ್ಲಿ ಬಹುಪಾಲು 5 ಮಿ.ಮೀ. ಬೋಲ್ಟು ಸಡಿಲವಾಗಿರುತ್ತದೆ. ಬರೀ ಬಿಗಿ ಮಾಡಿದರೆ ವಾರಕ್ಕೆ ಮತ್ತೆ ಸಡಿಲ; ಒಳಗೆ ನೈಲಾನ್ ಉಂಗುರವಿರುವ ನಟ್ಟು ಹಾಕಿ, ನಟ್ಟಿಗೆ ಜಾಗವಿಲ್ಲದಲ್ಲಿ ಸ್ಪ್ರಿಂಗ್ ವಾಷರ್. ಕ್ಯಾರಿಯರ್ ಬೋಲ್ಟು ಅರ್ಧ ಬಿಚ್ಚಿಕೊಂಡು ಚೈನಿನ ಕಡೆ ಚಾಚಿದೆಯೇ ಎಂದೂ ಅದೇ ಹೊತ್ತಿಗೆ ನೋಡಿ.